ಅಮೆರಿಕದ ಅಂಚೆಯಲ್ಲಿದ್ದೀರಾ? ಆರೋಗ್ಯ ವಿಮೆಯ ಹೊಸ ನಿಯಮಕ್ಕೆ ಹೀಗೆ ತಯಾರಾಗಿ

ನಮ್ಮ ಕನ್ನಡ ಕೂಟದ ರಾಜ್ಯೋತ್ಸವ ಬರುವುದೂ ನವೆಂಬರ್‌ನಲ್ಲಿ, ಆರೋಗ್ಯ ವಿಮೆ ಬದಲಾಯಿಸುವ ಓಪನ್ ಸೀಸನ್ ಬರುವುದೂ ನವೆಂಬರ್‌ನಲ್ಲಿ. ಹಾಗಾಗಿ ಊಟದ ಸಾಲಿನಲ್ಲೇ ನನಗೆ ಪ್ರಶ್ನೆಗಳು ಶುರುವಾಗುತ್ತವೆ. ಹೋದ ಸಲ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ತಟ್ಟೆಗೆ ಹೋಳಿಗೆ ಹಾಕಿಸಿಕೊಂಡವರು ಮುಂದೆ ಹೋಗಲೇ ಇಲ್ಲ. ತಿರುಗಿ ನಿಂತು ಕೇಳಿದರು: "ಅಲ್ಲಮ್ಮ, ಪಾರ್ಟ್ ಬಿ ತಗೊಳ್ಳದಿದ್ದರೆ ನಮ್ಮ ಪೋಸ್ಟಲ್ ಇನ್ಶೂರೆನ್ಸ್ ಹೋಗಿಬಿಡುತ್ತಂತೆ, ನಿಜಾನಾ?"

"ಸರ್, ನೀವು ಹುಟ್ಟಿದ ತಾರೀಖು ಹೇಳಿ, ರಿಟೈರ್ ಆದ ತಾರೀಖು ಹೇಳಿ" ಅಂದೆ.

ಅವರು ರಿಟೈರ್ ಆಗಿದ್ದು 2023ರಲ್ಲಿ. ಪಾರ್ಟ್ ಬಿ ಅಂದರೆ, 65 ತುಂಬಿದವರಿಗೆ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯಲ್ಲಿ ಡಾಕ್ಟರ್ ಖರ್ಚು ನೋಡಿಕೊಳ್ಳುವ ಭಾಗ. ಅದನ್ನು ಅವರು ಯಾವತ್ತೂ ತಗೊಂಡಿರಲಿಲ್ಲ. ಅಂಥವರಿಗೆ ಹೊಸ ನಿಯಮ ಅನ್ವಯವೇ ಆಗುವುದಿಲ್ಲ. ಪಾಪ, ಒಂದು ವರ್ಷದಿಂದ ಸುಮ್ನೆ ನಿದ್ದೆ ಕೆಡಿಸಿಕೊಂಡಿದ್ದರು.

ನಾನು ಇಲ್ಲಿನ ಅಂಚೆಯ ವಿಂಗಡಣೆ ಕೇಂದ್ರದಲ್ಲಿ ಕ್ಲರ್ಕ್. ಟೂರ್ ಒನ್, ಅಂದರೆ ರಾತ್ರಿ ಪಾಳಿ. ಮನೆಯವರಿಗೆ 66 ಆಯಿತು, ನನಗೆ ರಿಟೈರ್ ಆಗಲು ಇನ್ನು ಸ್ವಲ್ಪವೇ ಬಾಕಿ. ನಮ್ಮ ಮನೆಯ ಲೆಕ್ಕಕ್ಕೆಂದು ಓದಿ ಬರೆದಿಟ್ಟುಕೊಂಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ಲಾನ್ ಆರಿಸುವಾಗ ತಪ್ಪಾದರೆ ಮುಂದಿನ ನವೆಂಬರ್‌ನಲ್ಲಿ ಸರಿ ಮಾಡಿಕೊಳ್ಳಬಹುದು. ತಾರೀಖಿನಲ್ಲಿ, ಸಹಿಯಲ್ಲಿ ತಪ್ಪಾದರೆ ಎಷ್ಟೋ ಸಲ ಸರಿಪಡಿಸಲು ಆಗುವುದೇ ಇಲ್ಲ. ನಮ್ಮವರು ಮಾತ್ರ ಪ್ರೀಮಿಯಂ ಬಗ್ಗೆ ತಾಸುಗಟ್ಟಲೆ ಮಾತಾಡಿ, ತಾರೀಖನ್ನು ಮರೆಯುತ್ತಾರೆ. ಅದಕ್ಕೇ ನಾನು ತಾರೀಖಿನಿಂದ ಶುರು ಮಾಡುತ್ತೇನೆ.

ಏನು ಬದಲಾಯಿತು

2022ರ ಏಪ್ರಿಲ್ 6ರಂದು ಅಧ್ಯಕ್ಷ ಬೈಡನ್ ಅಂಚೆ ಸುಧಾರಣಾ ಕಾಯ್ದೆಗೆ ಸಹಿ ಹಾಕಿದರು. ಅದಕ್ಕೂ ಮುಂಚೆ, 2006ರ ಒಂದು ಕಾನೂನಿನ ಪ್ರಕಾರ, ನಿವೃತ್ತರ ಆರೋಗ್ಯ ವಿಮೆಗೆಂದು ಅಂಚೆ ಸಂಸ್ಥೆ ವರ್ಷವರ್ಷವೂ ಕೋಟಿಗಟ್ಟಲೆ ಡಾಲರ್ ಮುಂಗಡವಾಗಿ ತೆಗೆದಿಡಬೇಕಿತ್ತು. ಆ ಹೊರೆಯನ್ನು ಹೊಸ ಕಾಯ್ದೆ ತೆಗೆಯಿತು. ಅದರ ಜೊತೆಗೆ, ರಿಟೈರ್ ಆದವರ ಖರ್ಚನ್ನು ಮೊದಲು ಮೆಡಿಕೇರ್ ಹೊರಲಿ ಎಂದು ವ್ಯವಸ್ಥೆ ಮಾಡಿತು.

ಮೊದಲು ನಾವೆಲ್ಲ ಬೇರೆ ಕೇಂದ್ರ ಸರ್ಕಾರಿ ನೌಕರರ ಜೊತೆ ಎಫ್‌ಇಎಚ್‌ಬಿ ಎಂಬ ಒಂದೇ ಯೋಜನೆಯಲ್ಲಿದ್ದೆವು. 2025ರ ಜನವರಿ 1ರಿಂದ ಅಂಚೆಯವರಿಗೆ ಅದರೊಳಗೇ ಬೇರೆ ಕೋಣೆ ಮಾಡಿದ ಹಾಗೆ ಪಿಎಸ್‌ಎಚ್‌ಬಿ ಬಂತು. ನೋಡಿಕೊಳ್ಳುವುದು ಮೊದಲಿನ ಹಾಗೆ ಒಪಿಎಂ, ಅಂದರೆ ಕೇಂದ್ರ ಸರ್ಕಾರಿ ನೌಕರರ ವಿಷಯ ನೋಡುವ ಕಚೇರಿಯೇ. ಬ್ಲೂ ಕ್ರಾಸ್, ಜಿಇಎಚ್‌ಎ, ಎಂಎಚ್‌ಬಿಪಿ, ಕೈಸರ್, ಯೂನಿಯನ್‌ಗಳ ಎನ್‌ಎಎಲ್‌ಸಿ ಮತ್ತು ಎಪಿಡಬ್ಲ್ಯುಯು ಪ್ಲಾನ್‌ಗಳು, ಹೀಗೆ ಹಳೇ ಹೆಸರುಗಳೇ ಹೊಸ ಯೋಜನೆಯಲ್ಲೂ ಬಂದವು. ಹೆಸರು ಅದೇ ಇರುವುದರಿಂದ ಬಹಳ ಜನ ಏನೂ ಬದಲಾಗಿಲ್ಲ ಅಂದುಕೊಂಡರು. ಬದಲಾಗಿದ್ದು ಮೆಡಿಕೇರ್ ಜೊತೆಗಿನ ನಂಟು.

ಮೊದಲ ಹೆಜ್ಜೆ: ನೀವು ಯಾವ ಗುಂಪು ಅಂತ ಗೊತ್ತು ಮಾಡಿಕೊಳ್ಳಿ

ಒಂದು ಕಾಗದದಲ್ಲಿ ಎರಡೇ ಸಾಲು ಬರೆಯಿರಿ. ಹುಟ್ಟಿದ ತಾರೀಖು. ರಿಟೈರ್ ಆದ ಅಥವಾ ಆಗಬೇಕೆಂದಿರುವ ತಾರೀಖು. ಈಗ 2025ರ ಜನವರಿ 1 ಎಂಬ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಓದಿ.

ಆ ದಿನದೊಳಗೆ ರಿಟೈರ್ ಆಗಿದ್ದು, ಆ ದಿನ ನಿಮ್ಮ ಹೆಸರಿನಲ್ಲಿ ಪಾರ್ಟ್ ಬಿ ಇರಲಿಲ್ಲವೇ? ನಿಮಗೆ ವಿನಾಯಿತಿ ಇದೆ. ಪಾರ್ಟ್ ಬಿ ಇಲ್ಲದೆಯೂ ಪಿಎಸ್‌ಎಚ್‌ಬಿ ಮುಂದುವರಿಯುತ್ತದೆ.

ಆ ದಿನದೊಳಗೆ ರಿಟೈರ್ ಆಗಿದ್ದು, ಪಾರ್ಟ್ ಬಿ ಆಗಲೇ ಇತ್ತೇ? ಹಾಗಾದರೆ ಅದನ್ನು ಬಿಡಬೇಡಿ. ಬಿಟ್ಟರೆ ಪಿಎಸ್‌ಎಚ್‌ಬಿಯೂ ಹೋಗುತ್ತದೆ. "ತಿಂಗಳಿಗೆ ಇಷ್ಟು ಕಟ್ಟಾಗುತ್ತಲ್ಲ, ಬಿಟ್ಟುಬಿಡೋಣ" ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

ಆ ದಿನ ಇನ್ನೂ ಕೆಲಸದಲ್ಲಿದ್ದು, 64 ತುಂಬಿತ್ತೇ? ನಿಮಗೂ ವಿನಾಯಿತಿ. ರಿಟೈರ್ ಆದ ಮೇಲೂ ಅದು ಉಳಿಯುತ್ತದೆ.

ಆ ದಿನ ಕೆಲಸದಲ್ಲಿದ್ದು, ವಯಸ್ಸು 64ಕ್ಕಿಂತ ಕಡಿಮೆ ಇತ್ತೇ? ಹೊಸ ನಿಯಮ ಇರುವುದೇ ನಿಮಗಾಗಿ. ರಿಟೈರ್ ಆಗಿ, ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಮೆಡಿಕೇರ್ ಪಾರ್ಟ್ ಎ ನಿಮಗೆ ಬಂದ ಮೇಲೆ, ಪಾರ್ಟ್ ಬಿ ತಗೊಳ್ಳಲೇಬೇಕು. ಇಲ್ಲದಿದ್ದರೆ ಪಿಎಸ್‌ಎಚ್‌ಬಿ ಉಳಿಯುವುದಿಲ್ಲ.

ನನ್ನ ಪಾಳಿಯಲ್ಲಿ ಒಬ್ಬರಿದ್ದಾರೆ. 1961ರ ಫೆಬ್ರುವರಿಯಲ್ಲಿ ಹುಟ್ಟಿದವರು. ಆರೇ ವಾರದಲ್ಲಿ ವಿನಾಯಿತಿ ತಪ್ಪಿತು. ಅವರು "ನನಗೂ ಅರವತ್ನಾಲ್ಕು, ನನಗೇನೂ ಬೇಕಿಲ್ಲ" ಅಂತಲೇ ಓಡಾಡುತ್ತಿದ್ದರು. ಟೀ ಬ್ರೇಕ್‌ನಲ್ಲಿ ಕೂತು ತಾರೀಖು ತಾಳೆ ನೋಡಿದ ಮೇಲೆ ಮುಖ ಸಪ್ಪಗಾಯಿತು. ಆದರೆ ಆವತ್ತೇ ಗೊತ್ತಾಗಿದ್ದು ಒಳ್ಳೆಯದಾಯಿತು. ಇನ್ನೂ ಟೈಮ್ ಇತ್ತು.

ಇನ್ನು ಮೂರು ವಿನಾಯಿತಿಗಳಿವೆ. ಅಮೆರಿಕದ ಹೊರಗೆ ನೆಲೆಸಿರುವವರು, ವಿಎ ಅಂದರೆ ಮಾಜಿ ಸೈನಿಕರ ಆರೋಗ್ಯ ಸೇವೆಗೆ ಸೇರಿದವರು, ಮೂಲ ನಿವಾಸಿಗಳಿಗಾಗಿ ಇರುವ ಆರೋಗ್ಯ ಸೇವೆಗೆ ಅರ್ಹರಾದವರು. ಇವಕ್ಕೆ ದಾಖಲೆ ಕೊಡಬೇಕು. ತಾನಾಗಿ ಸಿಗುತ್ತದೆ ಅಂತ ಕೂರಬೇಡಿ.

ಕೆಲಸದಲ್ಲಿ ಇರುವಷ್ಟು ದಿನ ಯಾರಿಗೂ ಪಾರ್ಟ್ ಬಿ ಕಡ್ಡಾಯವಲ್ಲ. 68ರಲ್ಲೂ ಕೆಲಸ ಮಾಡುತ್ತಿದ್ದರೆ ನಿಮಗೂ ಬೇಡ, ನಿಮ್ಮ ಯಜಮಾನರಿಗೂ ಬೇಡ.

ಎರಡನೇ ಹೆಜ್ಜೆ: ಮನೆಯವರ ತಾರೀಖೂ ಬರೆದುಕೊಳ್ಳಿ

ಈ ನಿಯಮ ಗಂಡ ಹೆಂಡತಿಗೆ ಬೇರೆ ಬೇರೆಯಾಗಿ ಬಡಿಯಬಹುದು. ನೀವು ನಿಯಮದ ಕೆಳಗೆ ಬರುವ ನಿವೃತ್ತರಾಗಿದ್ದರೆ, ಮೆಡಿಕೇರ್ ಪಾರ್ಟ್ ಎ ಇರುವ ನಿಮ್ಮ ಹೆಂಡತಿ ಅಥವಾ ಗಂಡನೂ ಪಾರ್ಟ್ ಬಿ ತಗೊಳ್ಳಬೇಕು. ಅವರು ತಗೊಳ್ಳದಿದ್ದರೆ ಅವರ ರಕ್ಷಣೆ ಮಾತ್ರ ಹೋಗುತ್ತದೆ, ನಿಮ್ಮದು ಉಳಿಯುತ್ತದೆ. ನಿಮಗೆ ವಿನಾಯಿತಿ ಇದ್ದರೆ ಮನೆಯವರಿಗೂ ಇದೆ.

ಇಲ್ಲಿ ನಮ್ಮವರಿಗೆ ಒಂದು ವಿಷಯ ಗೊತ್ತಿರಬೇಕು. ಊರಿಂದ ಬಂದು ಮನೆ, ಮಕ್ಕಳು ಅಂತ ನೋಡಿಕೊಂಡು ಹೊರಗೆ ಕೆಲಸವನ್ನೇ ಮಾಡದ ಹೆಣ್ಣುಮಕ್ಕಳು ತುಂಬ ಜನ. "ನಾನು ದುಡಿದೇ ಇಲ್ಲ, ನನಗೆಲ್ಲಿ ಮೆಡಿಕೇರ್" ಅನ್ನುತ್ತಾರೆ. ಗಂಡ ಹತ್ತು ವರ್ಷ, ಅಂದರೆ ಸೋಷಿಯಲ್ ಸೆಕ್ಯುರಿಟಿಯ ನಲವತ್ತು ಕ್ರೆಡಿಟ್ ದುಡಿದಿದ್ದು, ಅವರಿಗೆ 62 ಆಗಿದ್ದರೆ ಸಾಕು. ಆ ಲೆಕ್ಕದಲ್ಲೇ ಹೆಂಡತಿಗೆ 65ಕ್ಕೆ ಪಾರ್ಟ್ ಎ ಉಚಿತವಾಗಿ ಸಿಗುತ್ತದೆ. ಸಿಗುತ್ತದೆ ಅಂದ ಮೇಲೆ ಪಾರ್ಟ್ ಬಿ ನಿಯಮವೂ ಅವರಿಗೆ ತಾಗುತ್ತದೆ.

ಇನ್ನೊಂದು ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಗ್ರೀನ್ ಕಾರ್ಡ್ ಮೇಲೆ ಬಂದ ಅಪ್ಪ ಅಮ್ಮನನ್ನು ಪಿಎಸ್‌ಎಚ್‌ಬಿಗೆ ಸೇರಿಸಬಹುದಾ ಅಂತ. ಆಗುವುದಿಲ್ಲ. ಸಂಗಾತಿ ಮತ್ತು 26 ತುಂಬದ ಮಕ್ಕಳು ಮಾತ್ರ. 26ಕ್ಕೆ ಮೊದಲೇ ಅಂಗವೈಕಲ್ಯ ಇದ್ದು, ತಾವೇ ದುಡಿದು ಬದುಕಲಾಗದ ಮಕ್ಕಳಿಗೆ ವಯಸ್ಸಿನ ಮಿತಿ ಇಲ್ಲ. ಅಪ್ಪ ಅಮ್ಮನಿಗೆ ಬೇರೆ ದಾರಿಯೇ ಹುಡುಕಬೇಕು.

ಮೂರನೇ ಹೆಜ್ಜೆ: ಪಾರ್ಟ್ ಬಿ ಅರ್ಜಿ ಯಾವಾಗ ಹಾಕಬೇಕು

ಜನ ಎಡವುವುದು ಜಾಸ್ತಿ ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

65 ತುಂಬುವ ಮೊದಲೇ ರಿಟೈರ್ ಆದವರಿಗೆ ಏಳು ತಿಂಗಳ ಕಿಟಕಿ ಇದೆ. ಹುಟ್ಟಿದ ತಿಂಗಳಿಗೆ ಮೂರು ತಿಂಗಳು ಹಿಂದೆ, ಆ ತಿಂಗಳು, ಮೂರು ತಿಂಗಳು ಮುಂದೆ. ಮೊದಲ ಮೂರು ತಿಂಗಳಲ್ಲೇ ಹಾಕಿಬಿಡಿ. ಆಗ 65 ಆಗುವ ತಿಂಗಳ ಒಂದನೇ ತಾರೀಖಿನಿಂದಲೇ ಶುರುವಾಗುತ್ತದೆ, ನಡುವೆ ಅಂತರ ಬೀಳುವುದಿಲ್ಲ.

65 ದಾಟಿದ ಮೇಲೂ ಕೆಲಸ ಮಾಡಿದವರಿಗೆ, ಕೆಲಸ ಬಿಟ್ಟ ಮೇಲೆ ಎಂಟು ತಿಂಗಳು ಟೈಮ್ ಕೊಡುತ್ತಾರೆ. ಎಂಟು ತಿಂಗಳಿದೆ ಅಂತ ಕಾಯಬೇಡಿ. ರಿಟೈರ್ ಆಗುವ ಒಂದೆರಡು ತಿಂಗಳು ಮೊದಲೇ ಎರಡು ಫಾರಂ ತಯಾರು ಮಾಡಿ. ಒಂದು ಸಿಎಂಎಸ್ 40ಬಿ, ಇದು ನಿಮ್ಮ ಅರ್ಜಿ. ಇನ್ನೊಂದು ಸಿಎಂಎಸ್ ಎಲ್564. ಇಷ್ಟು ದಿನ ಕೆಲಸದ ಇನ್ಶೂರೆನ್ಸ್ ಇತ್ತು ಅಂತ ಇದರಲ್ಲಿ ಎಚ್‌ಆರ್‌ನವರು ತುಂಬಿ ಸಹಿ ಹಾಕಬೇಕು. ಈ ಎರಡನೆಯ ಫಾರಂ ಸಿಗಲು ತಡವಾಗುತ್ತದೆ. ಕೆಲಸದಲ್ಲಿದ್ದಾಗಲೇ ಕೇಳಿ ಮಾಡಿಸಿಕೊಂಡರೆ ಒಳ್ಳೆಯದು, ಬಿಟ್ಟ ಮೇಲೆ ಫೋನಿನಲ್ಲೇ ಕಾಲ ಹೋಗುತ್ತದೆ.

ತಡ ಮಾಡಿದರೆ ದಂಡ ಇದೆ. ಪ್ರತಿ ಪೂರ್ತಿ ಹನ್ನೆರಡು ತಿಂಗಳಿಗೆ ಶೇಕಡಾ 10. 2026ರಲ್ಲಿ ಪಾರ್ಟ್ ಬಿ ಮಾಮೂಲಿ ಪ್ರೀಮಿಯಂ ತಿಂಗಳಿಗೆ 202.90 ಡಾಲರ್. 2025ರಲ್ಲಿ 185 ಇತ್ತು. ಮೂರು ವರ್ಷ ತಡವಾದರೆ ಈಗಿನ ದರದಲ್ಲಿ ತಿಂಗಳಿಗೆ ಸುಮಾರು 61 ಡಾಲರ್ ಹೆಚ್ಚು. ಅದು ಒಂದು ಸಲ ಕಟ್ಟಿ ಮುಗಿಸುವ ದಂಡವಲ್ಲ. ಪಾರ್ಟ್ ಬಿ ಇರುವಷ್ಟು ವರ್ಷವೂ ಕಟ್ಟುತ್ತಲೇ ಇರಬೇಕು.

ಆದಾಯ ಜಾಸ್ತಿ ಇದ್ದವರಿಗೆ ಪ್ರೀಮಿಯಂ ಮೇಲೆ ಇನ್ನೊಂದು ಸೇರಿಕೆ ಬರುತ್ತದೆ. 2026ರ ಲೆಕ್ಕದಲ್ಲಿ ಒಬ್ಬರಿಗೆ 1,09,000 ಡಾಲರ್, ಜೋಡಿಯಾಗಿ ತೆರಿಗೆ ಕಟ್ಟುವವರಿಗೆ 2,18,000 ಡಾಲರ್ ದಾಟಿದರೆ ಶುರು. ಅವರು ನೋಡುವುದು ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕ. ಆಗ ಇಬ್ಬರೂ ದುಡಿಯುತ್ತಿದ್ದಿರಿ, ಈಗ ರಿಟೈರ್ ಆಗಿದ್ದೀರಿ ಅಂದರೆ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಎಸ್‌ಎಸ್‌ಎ 44 ಎಂಬ ಫಾರಂ ಕೊಡಿ. ಕೆಲಸ ಬಿಟ್ಟಿದ್ದು ಅದರಲ್ಲಿ ಒಪ್ಪುವ ಕಾರಣ. ಈ ಫಾರಂ ಇದೆ ಅಂತಲೇ ಗೊತ್ತಿಲ್ಲದೆ ಎಷ್ಟೋ ಜನ ಸುಮ್ಮನೆ ಕಟ್ಟುತ್ತಿದ್ದಾರೆ.

ಎಚ್‌ಎಸ್‌ಎ, ಅಂದರೆ ಚಿಕಿತ್ಸೆಯ ಖರ್ಚಿಗೆಂದು ತೆರಿಗೆ ಇಲ್ಲದೆ ಕೂಡಿಡುವ ಖಾತೆಗೆ ದುಡ್ಡು ಹಾಕುತ್ತಿರುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಮೆಡಿಕೇರ್ ಬಂದ ಮೇಲೆ ಅದಕ್ಕೆ ಹಾಕುವಂತಿಲ್ಲ. 65 ದಾಟಿ ಅರ್ಜಿ ಹಾಕಿದರೆ ಪಾರ್ಟ್ ಎ ಆರು ತಿಂಗಳವರೆಗೆ ಹಿಂದಿನಿಂದ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆರು ತಿಂಗಳು ಮೊದಲೇ ಹಾಕುವುದನ್ನು ನಿಲ್ಲಿಸಿ.

ನಾಲ್ಕನೇ ಹೆಜ್ಜೆ: ರಿಟೈರ್ ಆಗುವ ಫಾರಂಗೆ ಸಹಿ ಹಾಕುವ ಮೊದಲು

ಐದು ವರ್ಷದ ನಿಯಮ ಎಲ್ಲರಿಗೂ ಬಾಯಿಪಾಠ ಇರಬೇಕು. ರಿಟೈರ್ ಆಗುವ ದಿನಕ್ಕೆ ಹಿಂದಿನ ಐದು ವರ್ಷ ಬಿಡದೆ ಈ ವಿಮೆ ಇದ್ದರೆ ಮಾತ್ರ ನಿವೃತ್ತಿಗೆ ಅದು ನಿಮ್ಮ ಜೊತೆ ಬರುತ್ತದೆ. ಹಳೇ ಎಫ್‌ಇಎಚ್‌ಬಿ ವರ್ಷಗಳೂ ಲೆಕ್ಕಕ್ಕಿವೆ. ಸರ್ಕಾರಿ ಕೆಲಸದಲ್ಲಿರುವ ಗಂಡನ ಎಫ್‌ಇಎಚ್‌ಬಿಯಲ್ಲಿ ನೀವು ಸೇರಿದ್ದ ಕಾಲವೂ ಲೆಕ್ಕಕ್ಕಿದೆ. ಆದರೆ ಗಂಡನ ಸಾಫ್ಟ್‌ವೇರ್ ಕಂಪನಿಯ ಇನ್ಶೂರೆನ್ಸ್ ಲೆಕ್ಕಕ್ಕಿಲ್ಲ. "ಅವರ ಕಂಪನಿಯದ್ದೇ ಚೆನ್ನಾಗಿದೆ, ನಾನ್ಯಾಕೆ ಕಟ್ಟಲಿ" ಅಂತ ಬಿಟ್ಟಿರುವ ಅಕ್ಕ ತಂಗಿಯರೇ, ನಿಮಗೆ 55 ದಾಟಿದ್ದರೆ ಈ ನವೆಂಬರ್‌ನಲ್ಲೇ ಒಂದು ಕಡಿಮೆ ದರದ ಪ್ಲಾನ್‌ಗಾದರೂ ಸೇರಿ. ಐದು ವರ್ಷದ ಗಡಿಯಾರ ಓಡಲು ಶುರುವಾಗಲಿ.

ಇನ್ನೊಂದು ಸಹಿ, ಸರ್ವೈವರ್ ಪಿಂಚಣಿಯದ್ದು, ಅಂದರೆ ನಾವು ತೀರಿಕೊಂಡ ಮೇಲೆ ಸಂಗಾತಿಗೆ ಬರುವ ಪಿಂಚಣಿಯದ್ದು. ನನ್ನ ಜೊತೆ ಕೆಲಸ ಮಾಡಿದ ಒಬ್ಬರು ರಿಟೈರ್ ಆಗುವಾಗ ತಿಂಗಳ ಪಿಂಚಣಿ ಪೂರ್ತಿ ಬರಲಿ ಅಂತ ಹೆಂಡತಿಯ ಪಾಲನ್ನು ಬಿಟ್ಟುಕೊಟ್ಟರು. ಹೆಂಡತಿಯೂ ನೋಟರಿ ಮುಂದೆ ಸಹಿ ಹಾಕಿಕೊಟ್ಟರು, ಏನು ಎತ್ತ ಅಂತ ಕೇಳದೆ. ನಾಲ್ಕು ವರ್ಷಕ್ಕೆ ಅವರು ಹೋದರು. ಪಿಂಚಣಿ ಇಲ್ಲ ಅಂತ ಆಕೆಗೆ ಗೊತ್ತಿತ್ತು. ಇನ್ಶೂರೆನ್ಸೂ ಇಲ್ಲ ಅಂತ ಗೊತ್ತಿರಲಿಲ್ಲ. ಕಾರ್ಡ್ ಹಿಡಿದು ಡಾಕ್ಟರ್ ಹತ್ತಿರ ಹೋದಾಗಲೇ ತಿಳಿದದ್ದು. ಆ ಕಾರ್ಡನ್ನು ಅವರು ನನ್ನ ಕೈಗೆ ಕೊಟ್ಟು "ಇದು ಯಾಕೆ ನಡೆಯಲ್ಲ ನೋಡಮ್ಮ" ಅಂದಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾರ್ಡಿನ ಮೇಲೆ ಗಂಡನ ಹೆಸರು ಹಾಗೇ ಇತ್ತು.

ಸಂಗಾತಿ ತೀರಿಕೊಂಡ ಮೇಲೂ ವಿಮೆ ಮುಂದುವರಿಯಬೇಕಾದರೆ ಎರಡೂ ಇರಬೇಕು. ಸರ್ವೈವರ್ ಪಿಂಚಣಿಯಲ್ಲಿ ಪಾಲು ಇರಬೇಕು. ಜೊತೆಗೆ, ತೀರಿಕೊಂಡ ದಿನ ಪ್ಲಾನ್ "ಸೆಲ್ಫ್ ಪ್ಲಸ್ ಒನ್" ಅಥವಾ "ಫ್ಯಾಮಿಲಿ" ಆಗಿದ್ದು ಅದರಲ್ಲಿ ಅವರ ಹೆಸರು ಇರಬೇಕು. ಫರ್ಸ್ ಎಂಬ ಕೇಂದ್ರ ನೌಕರರ ಪಿಂಚಣಿ ಯೋಜನೆಯವರಿಗೆ ಸಂಗಾತಿಗೆ ಅರ್ಧ ಪಾಲು ಇಟ್ಟರೆ ನಿಮ್ಮ ಪಿಂಚಣಿಯಲ್ಲಿ ಶೇಕಡಾ 10 ಕಡಿತ, ಕಾಲು ಪಾಲು ಇಟ್ಟರೆ ಶೇಕಡಾ 5. ವಿಮೆ ಉಳಿಯಲು ಕಾಲು ಪಾಲೂ ಸಾಕಾಗಬಹುದು, ಆದರೆ ಸೊನ್ನೆ ಮಾತ್ರ ಮಾಡಬೇಡಿ. ಹೆಣ್ಣುಮಕ್ಕಳಿಗೆ ನನ್ನ ಕೋರಿಕೆ ಇಷ್ಟೇ: ನೋಟರಿ ಮುಂದೆ ಕೂರಿಸಿದರೆ, ಓದಿ ಅರ್ಥವಾಗುವವರೆಗೆ ಪೆನ್ನು ಮುಟ್ಟಬೇಡಿ.

ರಿಟೈರ್ ಆದ ಮೇಲೆ ಪ್ರೀಮಿಯಂ ವಿಷಯದಲ್ಲೂ ವ್ಯತ್ಯಾಸವಾಗುತ್ತದೆ. ಈಗ ಎರಡು ವಾರಕ್ಕೊಮ್ಮೆ ತೆರಿಗೆಗೆ ಮೊದಲೇ ಕಟ್ಟಾಗುವುದು, ಆಮೇಲೆ ತಿಂಗಳಿಗೊಮ್ಮೆ ತೆರಿಗೆಯ ನಂತರ ಕಟ್ಟಾಗುತ್ತದೆ. ಮನೆ ಖರ್ಚಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಐದನೇ ಹೆಜ್ಜೆ: ಪ್ಲಾನ್ ಆರಿಸುವುದು

ಓಪನ್ ಸೀಸನ್ ನವೆಂಬರ್ ಎರಡನೇ ವಾರದ ಸುಮಾರಿಗೆ ಶುರುವಾಗಿ ಡಿಸೆಂಬರ್ ಮಧ್ಯದೊಳಗೆ ಮುಗಿಯುತ್ತದೆ. 2025ರಲ್ಲಿ ನವೆಂಬರ್ 10ರಿಂದ ಡಿಸೆಂಬರ್ 8ರವರೆಗೆ ಇತ್ತು. ಏನೂ ಮಾಡದಿದ್ದರೆ ಇದ್ದ ಪ್ಲಾನೇ ಮುಂದುವರಿಯುತ್ತದೆ, ಆದರೆ ಹೊಸ ವರ್ಷದ ದರ, ಹೊಸ ನಿಯಮದ ಜೊತೆಗೆ. ನಿಮ್ಮ ಪ್ಲಾನೇ ಯೋಜನೆಯಿಂದ ಹೊರಗೆ ಹೋಗುತ್ತಿದ್ದರೆ, ನೀವು ಆರಿಸದಿದ್ದಲ್ಲಿ ಅವರೇ ಕಡಿಮೆ ದರದ ಒಂದು ಪ್ಲಾನ್‌ಗೆ ಸೇರಿಸಿಬಿಡುತ್ತಾರೆ.

ನಾವು ಮನೆಯಲ್ಲಿ ಹೀಗೆ ಮಾಡುತ್ತೇವೆ. ಒಂದು ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಮೇಜು ಒರೆಸಿ, ಮನೆಯವರ ಮಾತ್ರೆ ಡಬ್ಬಿಗಳನ್ನೆಲ್ಲ ಸಾಲಾಗಿ ಇಡುತ್ತೇನೆ. ಮೆಟ್‌ಫಾರ್ಮಿನ್, ಅಮ್ಲೋಡಿಪಿನ್, ಎಲಿಕ್ವಿಸ್. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಹೆಸರು, ಎಷ್ಟು ಮಿಲಿಗ್ರಾಂ, ತಿಂಗಳಿಗೆ ಎಷ್ಟು ಅಂತ ಬರೆಯುತ್ತೇನೆ. ಪಕ್ಕದ ಕಾಲಂನಲ್ಲಿ ಪ್ರತಿ ಪ್ಲಾನಿನ ಔಷಧಿ ಪಟ್ಟಿಯಲ್ಲಿ ಅದು ಎಷ್ಟನೇ ಟಿಯರ್, ಅಂದರೆ ಯಾವ ದರದ ಶ್ರೇಣಿ ಅಂತ. ಮೊದಲಿನ ಎರಡು ಮಾತ್ರೆ ಎಲ್ಲಿ ತಗೊಂಡರೂ ಚಿಲ್ಲರೆ ದುಡ್ಡು. ಎಲಿಕ್ವಿಸ್ ಒಂದೇ ಇಡೀ ವರ್ಷದ ಲೆಕ್ಕವನ್ನು ಆ ಕಡೆ ಈ ಕಡೆ ಮಾಡುತ್ತದೆ. ನಿಮ್ಮ ಮನೆಯಲ್ಲೂ ಅಂಥ ಒಂದು ಔಷಧಿ ಇದ್ದೇ ಇರುತ್ತದೆ, ಅದನ್ನು ಮೊದಲು ನೋಡಿ. ಆಮೇಲೆ ನಿಮ್ಮ ಡಾಕ್ಟರು, ಹತ್ತಿರದ ಆಸ್ಪತ್ರೆ ನೆಟ್‌ವರ್ಕಿನಲ್ಲಿ ಇದ್ದಾರಾ ಅಂತ ಅವರ ಕ್ಲಿನಿಕ್ಕಿಗೇ ಫೋನ್ ಮಾಡಿ ಕೇಳಿ. "ಪಿಎಸ್‌ಎಚ್‌ಬಿ" ಅನ್ನುವ ಪದ ಹೇಳಿಯೇ ಕೇಳಿ.

ಪ್ಲಾನಿನ ಬ್ರೋಷರ್ ನೂರಾರು ಪುಟ ಇರುತ್ತದೆ. ಎಲ್ಲ ಓದಬೇಕಿಲ್ಲ. ಎರಡನೇ ವಿಭಾಗದಲ್ಲಿ ಈ ವರ್ಷ ಏನು ಬದಲಾಯಿತು ಅಂತ ಇರುತ್ತದೆ. ಒಂಬತ್ತನೇ ವಿಭಾಗದಲ್ಲಿ ಮೆಡಿಕೇರ್ ಜೊತೆ ಹೇಗೆ ಹೊಂದುತ್ತದೆ ಅಂತ. ಇವೆರಡನ್ನು ಮಾತ್ರ ಬಿಡದೆ ಓದಿ.

ದುಡ್ಡಿನ ಲೆಕ್ಕಕ್ಕೆ ಎರಡು ಸಾಲು ಸಾಕು, ಒಳ್ಳೆಯ ವರ್ಷ ಮತ್ತು ಕೆಟ್ಟ ವರ್ಷ. ಅರ್ಥವಾಗಲಿ ಅಂತ ಊಹೆಯ ಅಂಕಿ ಹಾಕುತ್ತೇನೆ. ಒಂದು ಪ್ಲಾನ್ ತಿಂಗಳಿಗೆ 150 ಡಾಲರ್, ವರ್ಷಕ್ಕೆ ನಿಮ್ಮ ಕೈಯಿಂದ ಹೋಗುವ ಗರಿಷ್ಠ ಖರ್ಚು 9,000. ಇನ್ನೊಂದು ತಿಂಗಳಿಗೆ 260, ಗರಿಷ್ಠ 5,000. ಎರಡು ಸಲ ಡಾಕ್ಟರ್ ಹತ್ತಿರ ಹೋಗಿ ಬರುವ ವರ್ಷದಲ್ಲಿ ಮೊದಲನೆಯದೇ ಅಗ್ಗ. ಆಪರೇಷನ್ ಆದ ವರ್ಷದಲ್ಲಿ ಮೊದಲನೆಯದಕ್ಕೆ 10,800, ಎರಡನೆಯದಕ್ಕೆ 8,120. ನಮ್ಮ ವಯಸ್ಸಿನವರು ಕೆಟ್ಟ ವರ್ಷದ ಸಾಲನ್ನು ನೋಡಿಯೇ ಆರಿಸಬೇಕು ಅಂತ ನನ್ನ ಅಭಿಪ್ರಾಯ.

ಪಾರ್ಟ್ ಎ, ಪಾರ್ಟ್ ಬಿ ಎರಡೂ ಇರುವ ನಿವೃತ್ತರಿಗೆ ಲೆಕ್ಕವೇ ಬೇರೆ. ಮೆಡಿಕೇರ್ ಮೊದಲು ಕೊಡುವುದರಿಂದ ಕೆಲವು ಪ್ಲಾನ್‌ಗಳು ಡಿಡಕ್ಟಿಬಲ್ (ವಿಮೆ ಕೊಡಲು ಶುರು ಮಾಡುವ ಮೊದಲು ನಾವು ಕಟ್ಟುವ ಮೊತ್ತ), ಕೋಪೇ (ಪ್ರತಿ ಭೇಟಿಗೆ ನಾವು ಕಟ್ಟುವ ಪಾಲು) ಬಿಟ್ಟುಬಿಡುತ್ತವೆ. ಕೆಲವು ಪಾರ್ಟ್ ಬಿ ಪ್ರೀಮಿಯಂನಲ್ಲಿ ಒಂದು ಭಾಗ ವಾಪಸ್ ಕೊಡುತ್ತವೆ. ಇಬ್ಬರಿಗೂ ಪಾರ್ಟ್ ಬಿ ಅಂದರೆ 2026ರ ದರದಲ್ಲಿ ವರ್ಷಕ್ಕೆ 4,869 ಡಾಲರಿನ ಮೇಲೆ. ಹಾಗಾಗಿ ಕೆಲಸದಲ್ಲಿದ್ದಾಗ ತಗೊಂಡಿದ್ದ ದುಬಾರಿ ಪ್ಲಾನ್ ಈಗಲೂ ಬೇಕಾ, ಅದೇ ಕಂಪನಿಯ ಕಡಿಮೆ ದರದ್ದು ಸಾಕಾ ಅಂತ ಖಂಡಿತ ನೋಡಿ. ಯೂನಿಯನ್ ಪ್ಲಾನ್ ಆದರೆ ಸದಸ್ಯತ್ವದ ಚಂದಾವನ್ನೂ ಲೆಕ್ಕಕ್ಕೆ ಸೇರಿಸಿ.

ಹಲ್ಲು, ಕಣ್ಣಿನ ವಿಮೆ ಬೇರೆಯೇ. ಅದು ಫೆಡ್‌ವಿಪ್. ಚಿಕಿತ್ಸೆಯ ಖರ್ಚಿಗೆಂದು ಸಂಬಳದಿಂದ ತೆರಿಗೆಗೆ ಮೊದಲೇ ತೆಗೆದಿಡುವ, ಕೆಲಸದಲ್ಲಿರುವವರ ಎಫ್‌ಎಸ್‌ಎ ಖಾತೆಯನ್ನು ಪ್ರತಿ ವರ್ಷವೂ ಹೊಸದಾಗಿ ಆರಿಸಬೇಕು, ತಾನಾಗಿ ಮುಂದುವರಿಯುವುದಿಲ್ಲ.

ಔಷಧಿಯ ಪಾರ್ಟ್ ಡಿ: ಬೇಡ ಅಂತ ಟಿಕ್ ಹಾಕಬೇಡಿ

ಮೆಡಿಕೇರ್ ಇರುವ ನಿವೃತ್ತರಿಗೆ ಪಿಎಸ್‌ಎಚ್‌ಬಿ ಪ್ಲಾನೇ ಪಾರ್ಟ್ ಡಿ ಮೂಲಕ ಔಷಧಿ ಕೊಡುತ್ತದೆ. ಅವರೇ ಸೇರಿಸಿ ಒಂದು ಕಾಗದ ಕಳಿಸುತ್ತಾರೆ. ಅದರಲ್ಲಿ ಬೇಡ ಅನ್ನುವ ಅವಕಾಶವೂ ಇರುತ್ತದೆ. ಬೇಡ ಅಂದರೆ ಔಷಧಿಯ ರಕ್ಷಣೆ ಪೂರ್ತಿ ಹೋಗುತ್ತದೆ, ಪ್ರೀಮಿಯಂ ಒಂದು ಡಾಲರೂ ಕಡಿಮೆಯಾಗುವುದಿಲ್ಲ. ಟಿವಿ ಜಾಹೀರಾತು ನೋಡಿ, ಫೋನ್ ಮಾಡಿದವರ ಮಾತು ಕೇಳಿ ಹೊರಗಿನ ಪಾರ್ಟ್ ಡಿ ಪ್ಲಾನ್‌ಗೆ ಸೇರಿದರೂ ಇದರಿಂದ ಹೊರಗೆ ಬೀಳುತ್ತೀರಿ. 2026ರಲ್ಲಿ ಪಾರ್ಟ್ ಡಿ ಔಷಧಿಗೆ ನಿಮ್ಮ ಕೈಯಿಂದ ಹೋಗುವುದು ವರ್ಷಕ್ಕೆ 2,100 ಡಾಲರ್ ದಾಟುವಂತಿಲ್ಲ, ಇನ್ಸುಲಿನ್‌ಗೆ ತಿಂಗಳಿಗೆ 35. ದೊಡ್ಡ ಔಷಧಿ ತಗೊಳ್ಳುವವರಿಗೆ ಇದು ನಿಜವಾಗಲೂ ಉಪಕಾರ.

ಅದೇ ರೀತಿ, ನಿವೃತ್ತರು ಪಿಎಸ್‌ಎಚ್‌ಬಿಯನ್ನು "ಕ್ಯಾನ್ಸಲ್" ಮಾಡಿದರೆ ಮತ್ತೆ ಸೇರಲು ಆಗುವುದಿಲ್ಲ. ಮೆಡಿಕೇರನ್ನು ಖಾಸಗಿ ಕಂಪನಿಗಳ ಮೂಲಕ ಕೊಡುವ ಮೆಡಿಕೇರ್ ಅಡ್ವಾಂಟೇಜ್‌ನಂಥ ಹೊರಗಿನ ಪ್ಲಾನ್ ನೋಡಬೇಕು ಅನ್ನಿಸಿದರೆ "ಸಸ್ಪೆಂಡ್" ಅನ್ನುವ ಬೇರೆ ದಾರಿ ಇದೆ. ಅದರಲ್ಲಿ ವಾಪಸ್ ಬರುವ ಹಕ್ಕು ಉಳಿಯುತ್ತದೆ. ಎರಡು ಪದ ಪಕ್ಕಪಕ್ಕದಲ್ಲೇ ಇರುತ್ತವೆ, ಕನ್ನಡಕ ಹಾಕಿಕೊಂಡು ನೋಡಿ.

ಊರಿಗೆ ಹೋಗಿ ಇರಬೇಕೆಂದವರಿಗೆ

ರಿಟೈರ್ ಆದ ಮೇಲೆ ಮೈಸೂರಿನಲ್ಲೋ ಧಾರವಾಡದಲ್ಲೋ ಮನೆ ಮಾಡಿಕೊಂಡು ಇರೋಣ ಅಂತ ನಮ್ಮಲ್ಲಿ ಬಹಳ ಜನರ ಆಸೆ. ನಮಗೂ ಇದೆ. ಹಾಗಾಗಿ ಇದನ್ನು ವಿಶೇಷವಾಗಿ ಓದಿದ್ದೇನೆ.

ಮೆಡಿಕೇರ್ ಭಾರತದಲ್ಲಿ ನಡೆಯುವುದಿಲ್ಲ. ಪಾರ್ಟ್ ಬಿ ದುಡ್ಡು ಕಟ್ಟುತ್ತಿದ್ದರೂ ಶಿವಮೊಗ್ಗದ ಆಸ್ಪತ್ರೆ ಬಿಲ್ಲಿಗೆ ಅದು ಬರುವುದಿಲ್ಲ. ಪಿಎಸ್‌ಎಚ್‌ಬಿಯ ದೇಶವ್ಯಾಪಿ ಪ್ಲಾನ್‌ಗಳಲ್ಲಿ ಹೊರದೇಶದ ಚಿಕಿತ್ಸೆಗೂ ದುಡ್ಡು ಕೊಡುವಂಥವು ಇವೆ. ಊರಿನಲ್ಲಿ ನಿಮಗೆ ಆಧಾರ ಆಗುವುದು ಅದೇ. ಪೂರ್ತಿ ಅಲ್ಲೇ ನೆಲೆಸಿದರೆ ಪಾರ್ಟ್ ಬಿ ಕಡ್ಡಾಯದಿಂದ ವಿನಾಯಿತಿ ಕೇಳಬಹುದು, ವಾಸದ ದಾಖಲೆ ಕೊಡಬೇಕು. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಅಂತ ಓಡಾಡುವವರು ಇದನ್ನು ನಂಬಿಕೊಳ್ಳಬೇಡಿ. ಮನೆ, ತೆರಿಗೆ, ವಿಳಾಸ ಎಲ್ಲ ಇಲ್ಲೇ ಇದ್ದರೆ ನೀವು ಹೊರದೇಶದಲ್ಲಿ ನೆಲೆಸಿದವರಲ್ಲ.

ಇನ್ನೂ ಒಂದು ಯೋಚನೆ ಮಾಡಿ. 70ರಲ್ಲಿ ಊರಿಗೆ ಹೋದವರು 78ರಲ್ಲಿ ಮಕ್ಕಳ ಹತ್ತಿರ ವಾಪಸ್ ಬರುವುದು ನಾವು ನೋಡುತ್ತಲೇ ಇದ್ದೇವೆ. ಬಂದ ಮೇಲೆ ಪಾರ್ಟ್ ಬಿ ಸೇರಬೇಕಾಗುತ್ತದೆ, ತಡವಾದ ವರ್ಷಗಳಿಗೆ ದಂಡವೂ ಬೀಳಬಹುದು. ವಾಪಸ್ ಬರುವ ಸಾಧ್ಯತೆ ಅರ್ಧಕ್ಕರ್ಧ ಇದ್ದರೂ ನಾನಾದರೆ ಪಾರ್ಟ್ ಬಿ ಬಿಡುವುದಿಲ್ಲ.

ರಜಕ್ಕೆ ಹೋದಾಗ ಆಸ್ಪತ್ರೆ ಸೇರಬೇಕಾಗಿ ಬಂದರೆ ಮೊದಲು ದುಡ್ಡು ನೀವೇ ಕಟ್ಟಬೇಕಾಗಬಹುದು. ಡಿಸ್ಚಾರ್ಜ್ ಸಮ್ಮರಿ, ಪ್ರತಿ ಖರ್ಚೂ ಬಿಡಿಬಿಡಿಯಾಗಿರುವ ಬಿಲ್, ದುಡ್ಡು ಕಟ್ಟಿದ ರಸೀತಿ, ಲ್ಯಾಬ್ ವರದಿ, ಎಲ್ಲ ಇಂಗ್ಲಿಷ್‌ನಲ್ಲಿ ಸೀಲ್ ಹಾಕಿಸಿ ತಗೊಳ್ಳಿ. "ಒಟ್ಟು ಇಷ್ಟು" ಅಂತ ಒಂದೇ ಸಾಲಿನ ಬಿಲ್ ಸಾಲದು. ಡಿಸ್ಚಾರ್ಜ್ ದಿನವೇ ಕೇಳಿ, ಇಲ್ಲಿಗೆ ಬಂದ ಮೇಲೆ ತರಿಸುವುದು ಕಷ್ಟ.

ಸಹಾಯ ಎಲ್ಲಿ ಸಿಗುತ್ತದೆ

ಕೆಲಸದಲ್ಲಿರುವವರು ಅಂಚೆ ನೌಕರರ ಜಾಲತಾಣವಾದ ಲೈಟ್‌ಬ್ಲೂ ಮೂಲಕ, ನಿವೃತ್ತರು ಒಪಿಎಂನ ಪಿಎಸ್‌ಎಚ್‌ಬಿ ಪುಟದ ಮೂಲಕ ಬದಲಾವಣೆ ಮಾಡಬೇಕು. ನಿವೃತ್ತರು ಸಿಎಸ್‌ಎ ಇಂದ ಶುರುವಾಗುವ ಪಿಂಚಣಿ ನಂಬರ್ ಕೈಯಲ್ಲಿಟ್ಟುಕೊಳ್ಳಿ, ಲಾಗಿನ್ ಡಾಟ್ ಗವ್ ಖಾತೆ ಬೇಕಾಗುತ್ತದೆ. ಖಾತೆ ತೆರೆಯುವ ಕೆಲಸವನ್ನು ಅಕ್ಟೋಬರ್‌ನಲ್ಲೇ ಮುಗಿಸಿ. ಗುರುತಿನ ಚೀಟಿ ಫೋಟೊ, ಫೋನಿಗೆ ಕೋಡ್ ಅಂತ ಒಂದೆರಡು ಸಲ ಸತಾಯಿಸುತ್ತದೆ. ಕೊನೆಯ ದಿನ ಅದಕ್ಕೆ ತಾಳ್ಮೆ ಇರುವುದಿಲ್ಲ.

ಮೆಡಿಕೇರ್ ಪ್ರಶ್ನೆಗೆ 1-800-633-4227. ಪಾರ್ಟ್ ಬಿ ಅರ್ಜಿಗೆ ಸೋಷಿಯಲ್ ಸೆಕ್ಯುರಿಟಿ, 1-800-772-1213. ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಉಚಿತ ಸಲಹಾ ಕೇಂದ್ರ ಇದೆ, ಅವರು ಯಾವ ಪ್ಲಾನನ್ನೂ ಮಾರುವವರಲ್ಲ. ಯಾರಾದರೂ ತಾವಾಗಿಯೇ ಫೋನ್ ಮಾಡಿ ನಿಮ್ಮ ಮೆಡಿಕೇರ್ ನಂಬರ್ ಕೇಳಿದರೆ ಮಾತ್ರ ಕೊಡದೆ ಇಟ್ಟುಬಿಡಿ.

ಜನವರಿಯಲ್ಲಿ

ಬದಲಾಯಿಸಿದ ಮೇಲೆ ಬಂದ ದೃಢೀಕರಣ ಪತ್ರವನ್ನು ಪ್ರಿಂಟ್ ಹಾಕಿಟ್ಟುಕೊಳ್ಳಿ. ಮೊದಲ ಸಂಬಳದ ಚೀಟಿಯಲ್ಲೋ ಪಿಂಚಣಿಯಲ್ಲೋ ಎಷ್ಟು ಕಟ್ಟಾಯಿತು ಅಂತ ತಾಳೆ ನೋಡಿ. ಕೆಲಸದಲ್ಲಿರುವಾಗ ಪಿಎಸ್‌ಎಚ್‌ಬಿ ಮೊದಲು, ಮೆಡಿಕೇರ್ ಆಮೇಲೆ. ರಿಟೈರ್ ಆದ ಮೇಲೆ ಮೆಡಿಕೇರ್ ಮೊದಲು. ಈ ಸರದಿ ಬದಲಾದದ್ದು ಕ್ಲಿನಿಕ್‌ನವರಿಗೆ ತಾನಾಗಿ ಗೊತ್ತಾಗುವುದಿಲ್ಲ. ನಮ್ಮ ಪರಿಚಯದವರೊಬ್ಬರಿಗೆ ಒಂದು ಕ್ಲಿನಿಕ್ ಸರದಿ ತಪ್ಪಿಸಿ ಬಿಲ್ ಕಳಿಸಿ, ಎರಡೂ ಕಡೆ ತಿರಸ್ಕಾರವಾಗಿ, ಸರಿಪಡಿಸಲು ನಾಲ್ಕು ತಿಂಗಳು ಹಿಡಿಯಿತು. ಅದಕ್ಕೆ ಹೊಸ ವರ್ಷದ ಮೊದಲ ಭೇಟಿಯಲ್ಲಿ ಎರಡೂ ಕಾರ್ಡ್ ಕೊಟ್ಟು, "ನಾನು ರಿಟೈರ್ ಆಗಿದ್ದೇನೆ, ಮೆಡಿಕೇರ್ ಮೊದಲು" ಅಂತ ಬಾಯಿಬಿಟ್ಟು ಹೇಳಿ. ಔಷಧಿ ಅಂಗಡಿಯಲ್ಲೂ ಹೊಸ ಕಾರ್ಡ್ ತೋರಿಸಿ ಕಂಪ್ಯೂಟರಿನಲ್ಲಿ ಹಳೆಯದನ್ನು ತೆಗೆಸಿ. ಹಳೇ ಕಾರ್ಡನ್ನು ಮನೆಗೆ ಬಂದು ಕತ್ತರಿಸಿ ಹಾಕಿ. ಪರ್ಸಿನಲ್ಲಿ ಎರಡೂ ಇದ್ದರೆ ಅವಸರದಲ್ಲಿ ಕೈಗೆ ಸಿಗುವುದು ಹಳೆಯದೇ.